ಮೊಡವೆ ತೆಗಿ, ಮಚ್ಚೆ ಮುಟ್ಟಬೇಡ

ಹೋದ ವಾರ ಒಬ್ಬಳು ಮದುಮಗಳು ವಾಟ್ಸಾಪಿನಲ್ಲಿ ಒಂದು ಫ್ಯಾಷನ್ ಮ್ಯಾಗಜೀನಿನ ಮುಖಪುಟ ಕಳಿಸಿದಳು. ಹಿಂದಿ ಸಿನಿಮಾ ನಟಿಯೊಬ್ಬಳ ಮುಖ. ಬೆಣ್ಣೆ ಸವರಿದ ಹಾಗಿರೋ ಕೆನ್ನೆ, ಒಂದು ಚುಕ್ಕೆ ಇಲ್ಲ, ಕಣ್ಣಿನ ಕೆಳಗೆ ಒಂದು ಗೆರೆ ಇಲ್ಲ. ಕೆಳಗೆ ಮೆಸೇಜು: "ಅಕ್ಕಾ, ಆಲ್ಬಂ ಕವರ್ ಫೋಟೋದಲ್ಲಿ ನನ್ನ ಸ್ಕಿನ್ ಹಿಂಗೇ ಬರ್ಲಿ, ಪ್ಲೀಸ್."

ನಾನು ಮದುವೆ ಫೋಟೋಗಳನ್ನು ಎಡಿಟ್ ಮಾಡುವವಳು. 18 ವರ್ಷದಿಂದ ಇದೇ ಕೆಲಸ. ಇಂಥ ಮೆಸೇಜು ನನಗೆ ಹೊಸದಲ್ಲ. ಆದರೆ ಈ ಸಲ ಉತ್ತರ ಬರೆಯೋಕೆ ಕೂತರೆ ಅದು ಉದ್ದ ಆಗುತ್ತಲೇ ಹೋಯಿತು, ವಾಟ್ಸಾಪಿಗೆ ಹಿಡಿಸುವಷ್ಟು ಉಳಿಯಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಆ ನಟಿಯ ಕೆನ್ನೆಯೂ ಹಾಗಿಲ್ಲ. ಯಾರ ಕೆನ್ನೆಯೂ ಹಾಗಿರೋದಿಲ್ಲ. ಒಂದು ಮುಖಪುಟಕ್ಕೆ ಮೇಕಪ್ಪಿನವರು, ಕೂದಲಿನವರು, ಬಟ್ಟೆಯವರು, ಲೈಟ್ ಹಿಡಿಯುವವರು ಎಲ್ಲಾ ಸೇರಿ ದಿನವಿಡೀ ದುಡಿದಿರುತ್ತಾರೆ. ಬಟ್ಟೆ ಸಡಿಲ ಇದ್ದರೆ ಬೆನ್ನ ಹಿಂದೆ ಸಾಲಾಗಿ ಕ್ಲಿಪ್ ಹಾಕಿ ಬಿಗಿ ಮಾಡಿರುತ್ತಾರೆ, ಮುಂದಿನಿಂದ ಅದು ಕಾಣೋದಿಲ್ಲ. ತೆಗೆದ ರಾಶಿ ಫೋಟೋದಲ್ಲಿ ಒಂದನ್ನು ಆರಿಸುತ್ತಾರೆ. ಆಮೇಲೆ ಅದು ನನ್ನಂಥವರ ಕಂಪ್ಯೂಟರಿಗೆ ಬರುತ್ತೆ. ಚರ್ಮದ ಬಣ್ಣ ಒಂದು ಲೇಯರಿಗೆ, ಚರ್ಮದ ನುಣುಪು ಒರಟು ಇನ್ನೊಂದು ಲೇಯರಿಗೆ ಬೇರೆ ಮಾಡಿಕೊಂಡು, ಒಂದೊಂದು ರಂಧ್ರವೂ ಕಡಲೆಕಾಳಿನಷ್ಟು ದೊಡ್ಡದಾಗಿ ಕಾಣುವ ತನಕ ಜೂಮ್ ಮಾಡಿ, ಗಂಟೆಗಟ್ಟಲೆ ಕೂತು ಸರಿಮಾಡುತ್ತೇವೆ. ಲಿಕ್ವಿಫೈ ಅಂತ ಒಂದು ಟೂಲ್ ಇದೆ. ಅದರಲ್ಲಿ ಸೊಂಟವನ್ನು ಹಿಟ್ಟಿನ ಹಾಗೆ ಒಳಗೆ ಒತ್ತಬಹುದು. ಎರಡು ನಿಮಿಷದ ಕೆಲಸ, ಅಷ್ಟೆ.

ಈ ಕೆಲಸವನ್ನು ನಾನು ಕೀಳು ಅಂತ ಅಂದುಕೊಂಡಿಲ್ಲ. ಪ್ರೀತಿಯಿಂದಲೇ ಮಾಡುತ್ತೇನೆ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಗೊತ್ತಿರಬೇಕು, ಅದನ್ನು ನನಗೆ ಹೇಳಿಕೊಟ್ಟಿದ್ದು ಅಪ್ಪ.

ಅರಸೀಕೆರೆಯಲ್ಲಿ ಅಪ್ಪನದು ಫೋಟೋ ಸ್ಟುಡಿಯೋ. 80ರ ದಶಕ, ಕಂಪ್ಯೂಟರ್ ಇಲ್ಲದ ಕಾಲ. ಆಗಲೂ ಟಚಿಂಗ್, ಅಂದರೆ ಫೋಟೋ ತಿದ್ದುವ ಕೆಲಸ, ಇತ್ತು. ಕಿಟಕಿ ಪಕ್ಕದಲ್ಲಿ ಒಂದು ಓರೆ ಮೇಜು, ನಡುವೆ ಮಸುಕು ಗಾಜು, ಕೆಳಗೆ ಒಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಡಿದು ಗಾಜಿನಿಂದ ಮೇಲೆ ಬರುತ್ತಿತ್ತು. ಗಾಜಿನ ಮೇಲೆ ನೆಗೆಟಿವ್. ಅಪ್ಪ ಪೆನ್ಸಿಲ್ಲನ್ನು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಸೂಜಿಯಷ್ಟು ಚೂಪು ಮಾಡಿಕೊಂಡು ಕೂರುತ್ತಿದ್ದರು. ನೆಗೆಟಿವಿನಲ್ಲಿ ಎಲ್ಲಾ ಉಲ್ಟಾ ಅಲ್ವಾ, ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ಬೆಳಕಿನ ಕಿಂಡಿಯ ಹಾಗೆ ಕಾಣುತ್ತೆ. ಆ ಕಿಂಡಿಯನ್ನು ಪೆನ್ಸಿಲ್ಲಿನಿಂದ ಮೆಲ್ಲಗೆ, ಮುಟ್ಟಿದರೋ ಇಲ್ಲವೋ ಅನ್ನೋ ಹಾಗೆ ತುಂಬಿದರೆ ಪ್ರಿಂಟಿನಲ್ಲಿ ಕಲೆ ಇರೋದಿಲ್ಲ. ನಾನು ಉಸಿರು ಬಿಗಿ ಹಿಡಿದು ನೋಡುತ್ತಿದ್ದೆ.

ಅವರದು ಒಂದೇ ನಿಯಮ. "ಮೊಡವೆ ತೆಗಿ, ಮಚ್ಚೆ ಮುಟ್ಟಬೇಡ. ಮೊಡವೆ ಹದಿನೈದು ದಿನ ಇರುತ್ತೆ. ಮಚ್ಚೆ ಅವಳ ಜೊತೆ ಹುಟ್ಟಿದ್ದು."

ಸಿನಿಮಾ ಪತ್ರಿಕೆಗಳ ಮುಖಪುಟ ಆ ಕಾಲದಲ್ಲೂ ಸ್ಟುಡಿಯೋಗೆ ಬರುತ್ತಿತ್ತು. ಸ್ಟೇಷನ್ನಿನ ಪುಸ್ತಕದ ಅಂಗಡಿಯಲ್ಲಿ ದಾರಕ್ಕೆ ಕ್ಲಿಪ್ ಹಾಕಿ ನೇತುಬಿಟ್ಟಿರುತ್ತಿದ್ದರು, ರೂಪತಾರಾ, ಆ ಕಡೆ ಈ ಕಡೆ ವಾರಪತ್ರಿಕೆಗಳು. ನಮ್ಮ ಮನೆಗೆ ರೂಪತಾರಾ ತಪ್ಪದೆ ಬರುತ್ತಿತ್ತು, ಅದರ ಬ್ಲೋಅಪ್, ಅಂದರೆ ದೊಡ್ಡ ಚಿತ್ರ, ನಮ್ಮ ಸ್ಟುಡಿಯೋ ಗೋಡೆ ಸೇರುತ್ತಿತ್ತು. ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದ ತಾಯಂದಿರು ಮಡಚಿದ ಪುಟ ಸೆರಗಿನಿಂದ ತೆಗೆದು ತೋರಿಸುತ್ತಿದ್ದರು. "ಸ್ವಾಮಿ, ಗಂಡಿನ ಕಡೆಯೋರಿಗೆ ಕಳಿಸೋ ಫೋಟೋ, ಮಗೀಗೆ ಸ್ವಲ್ಪ ಬಣ್ಣ ಬರೋ ಹಂಗೆ ಮಾಡಿಕೊಡಿ." ಮಾಡೋದು ಕಷ್ಟವಲ್ಲ. ನೆಗೆಟಿವಿನಿಂದ ಪ್ರಿಂಟ್ ಮಾಡುವ ಎನ್‌ಲಾರ್ಜರಿನ ಕೆಳಗೆ ಕಾಗದಕ್ಕೆ ಒಂದೆರಡು ಸೆಕೆಂಡು ಬೆಳಕು ಕಡಿಮೆ ಕೊಟ್ಟರೆ ಮುಖ ಬೆಳ್ಳಗಾಗುತ್ತೆ. ಹೊಟ್ಟೆಪಾಡು, ಅಪ್ಪ ಎಷ್ಟೋ ಸಲ ಮಾಡಿಕೊಟ್ಟಿದ್ದಾರೆ. ಆದರೆ ಮಾಡುವ ಮೊದಲು ಗೋಡೆಯ ಮೇಲಿದ್ದ ಕಪ್ಪು ಬಣ್ಣದ ನಟಿ ಸರಿತಾ ಫೋಟೋ ತೋರಿಸುತ್ತಿದ್ದರು. "ಆ ಕಣ್ಣು ನೋಡಮ್ಮ. ಆ ಬಣ್ಣ ಇರೋದಕ್ಕೇ ಕಣ್ಣು ಹಂಗೆ ಹೊಳೆಯೋದು."

ಕೆಲವರು ಒಪ್ಪುತ್ತಿದ್ದರು. ಜಾಸ್ತಿ ಜನ ಒಪ್ಪುತ್ತಿರಲಿಲ್ಲ.

ಈಗ ಲುಪಿತಾ ನ್ಯೊಂಗೊ ಕಥೆಗೆ ಬರುತ್ತೇನೆ. ಮದುಮಗಳಿಗೆ ನಾನು ಕಳಿಸಿದ್ದು ಅವರದೇ ಎರಡು ಫೋಟೋ. ಕೀನ್ಯಾ ಮೂಲದವರು, 2014ರಲ್ಲಿ ಆಸ್ಕರ್ ಗೆದ್ದ ನಟಿ. 2017ರ ನವೆಂಬರಿನಲ್ಲಿ ಬ್ರಿಟನ್ನಿನ ಗ್ರಾಜಿಯಾ ಮ್ಯಾಗಜೀನಿನ ಮುಖಪುಟಕ್ಕೆ ಬಂದರು. ಶೂಟಿಂಗಿನಲ್ಲಿ ಅವರ ಗುಂಗುರು ಕೂದಲನ್ನು ಹಿಂದಕ್ಕೆ ಎಳೆದು ಕಟ್ಟಿದ್ದರು, ಕಟ್ಟಿದ ಕೂದಲು ಹಿಂದೆ ಉಬ್ಬಿ ನಿಂತಿತ್ತು. ಮುಖಪುಟ ನೋಡಿದರೆ ಆ ಕೂದಲೇ ಇಲ್ಲ! ಉಬ್ಬಿದ್ದನ್ನು ಅಳಿಸಿ, ಉಳಿದದ್ದನ್ನು ನುಣ್ಣಗೆ ಬಾಚಿದ ಹಾಗೆ ಮಾಡಿಬಿಟ್ಟಿದ್ದರು. ಅವರು ಸುಮ್ನೆ ಕೂರಲಿಲ್ಲ. ಮೂಲ ಫೋಟೋ, ಮುಖಪುಟ ಎರಡನ್ನೂ ಎಲ್ಲರಿಗೂ ಕಾಣುವ ಹಾಗೆ ಹಾಕಿ, ನನ್ನ ಕೂದಲು ನನ್ನದು, ನಿಮ್ಮ ಅಂದದ ಲೆಕ್ಕಕ್ಕೆ ಅದನ್ನು ಕತ್ತರಿಸಬೇಡಿ ಅನ್ನೋ ಅರ್ಥದಲ್ಲಿ ಬರೆದರು. ನಾವು ಹೇಳಿ ಮಾಡಿಸಿದ್ದಲ್ಲ ಅಂತ ಪತ್ರಿಕೆಯವರು ಕ್ಷಮೆ ಕೇಳಿದರು, ಫೋಟೋಗ್ರಾಫರೂ ಕೇಳಿದರು. ಅದರ ಹಿಂದಿನ ತಿಂಗಳು ಗಾಯಕಿ ಸೊಲಾಂಜ್ ನೋಲ್ಸ್ ಅವರಿಗೂ ಇದೇ ಆಗಿತ್ತು. ಲಂಡನ್ನಿನ ಈವ್ನಿಂಗ್ ಸ್ಟ್ಯಾಂಡರ್ಡ್ ಮ್ಯಾಗಜೀನಿನ ಮುಖಪುಟದಲ್ಲಿ ಅವರ ತಲೆಯ ಮೇಲೆ ಕಿರೀಟದ ಹಾಗೆ ಸುತ್ತಿದ್ದ ಜಡೆಯನ್ನೇ ಅಳಿಸಿದ್ದರು.

ಜಡೆ! ಮದುವೆ ದಿನ ಜಡೆಗೆ ಮೊಗ್ಗು ಪೋಣಿಸಿ, ಹಿಂದೆ ತಿರುಗಿ ನಿಂತು ಜಡೆ ಕಾಣುವ ಹಾಗೆ ಒಂದು ಫೋಟೋ ತೆಗೆಸಿಕೊಳ್ಳುವ ಊರಿನವಳು ನಾನು. ಆ ಸುದ್ದಿ ಓದಿದಾಗ ನನಗೆ ಕರುಳು ಚುರುಕ್ ಅಂದಿತು. ಇಷ್ಟು ದೊಡ್ಡ ಹೆಸರಿನವರ ಜಡೆಯನ್ನೇ ಕೇಳದೆ ಅಳಿಸುತ್ತಾರೆ ಅಂದರೆ ಏನು ಹೇಳೋದು?

ಲುಪಿತಾ ಅವರ ವಿಷಯದಲ್ಲಿ ಇದು ಜಾಸ್ತಿ ನೋಯಿಸೋಕೆ ಇನ್ನೊಂದು ಕಾರಣ ಇದೆ. 2014ರಲ್ಲಿ ಅವರು ಒಂದು ಭಾಷಣ ಮಾಡಿದ್ದರು. ಚಿಕ್ಕವಳಿದ್ದಾಗ ರಾತ್ರಿ ಮಲಗುವ ಮುಂಚೆ, ಬೆಳಗ್ಗೆ ಏಳುವಷ್ಟರಲ್ಲಿ ನನ್ನ ಬಣ್ಣ ತಿಳಿಯಾಗಲಿ ಅಂತ ದೇವರಲ್ಲಿ ಬೇಡುತ್ತಿದ್ದರಂತೆ. ಬೆಳಗ್ಗೆ ಎದ್ದು, ಕನ್ನಡಿ ಮುಂದೆ ನಿಲ್ಲುವ ತನಕ ತಮ್ಮ ಮೈ ತಾವೇ ನೋಡಿಕೊಳ್ಳುತ್ತಿರಲಿಲ್ಲವಂತೆ. ಆಮೇಲೆ ಒಂದು ದಿನ ಆಲೆಕ್ ವೆಕ್ ಅನ್ನೋ ಮಾಡೆಲ್ ಕಂಡರು. ಸುಡಾನಿನ ಯುದ್ಧದಿಂದ ತಪ್ಪಿಸಿಕೊಂಡು ಬ್ರಿಟನ್ನಿಗೆ ಬಂದ ಹುಡುಗಿ, ಕಡು ಕಪ್ಪು ಬಣ್ಣ. 1997ರ ನವೆಂಬರಿನಲ್ಲಿ ಅಮೆರಿಕದ ಎಲ್ ಅನ್ನೋ ಫ್ಯಾಷನ್ ಮ್ಯಾಗಜೀನಿನ ಮುಖಪುಟಕ್ಕೇ ಬಂದವರು. ಅವರನ್ನು ಎಲ್ಲಾ ಪತ್ರಿಕೆಗಳಲ್ಲಿ ನೋಡಿದ ಮೇಲೆ, ತನ್ನಂತೆ ಇರುವವರನ್ನೂ ಜನ ಚೆಂದ ಅನ್ನುತ್ತಾರೆ ಅಂತ ಲುಪಿತಾ ಅವರಿಗೆ ಮೊದಲ ಸಲ ಅನ್ನಿಸಿತಂತೆ. ಅಂದರೆ ಎಲ್ಲೋ ಒಂದು ಕಾಗದದ ಮೇಲಿನ ಮುಖ ಇನ್ನೆಲ್ಲೋ ಒಂದು ಮಗುವಿನ ಕನ್ನಡಿಯನ್ನೇ ಬದಲಾಯಿಸಿತು. ಅದಕ್ಕೇ ಮುಖಪುಟವನ್ನು ನಾನು ಸಣ್ಣ ವಿಷಯ ಅಂತ ಬಿಡೋದಿಲ್ಲ. ಮೊಗ್ಗಿನ ಜಡೆಯ ನಮ್ಮ ಹುಡುಗಿಯರೂ ಅದನ್ನೇ ನೋಡುತ್ತಾ ಕೂರುತ್ತಾರೆ.

ಇದು ಕಂಪ್ಯೂಟರ್ ಬಂದ ಮೇಲಿನ ರೋಗವೂ ಅಲ್ಲ. 1989ರ ಆಗಸ್ಟಿನಲ್ಲಿ ಅಮೆರಿಕದ ಟಿವಿ ಗೈಡ್ ಪತ್ರಿಕೆಯ ಮುಖಪುಟದಲ್ಲಿ ಅಲ್ಲಿನ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರಿ ಮಿನುಗುವ ಗೌನ್ ತೊಟ್ಟು ಕೂತಿದ್ದರು. ಮುಖ ಓಪ್ರಾ ಅವರದು. ಮೈ ಮಾತ್ರ ಆನ್ ಮಾರ್ಗರೆಟ್ ಅನ್ನೋ ಇನ್ನೊಬ್ಬ ನಟಿಯದು! ಹಳೇ ಫೋಟೋ ಇಟ್ಟುಕೊಂಡು ಚಿತ್ರಕಾರರು ಕೈಯಲ್ಲಿ ಬರೆದದ್ದು. ಇಬ್ಬರನ್ನೂ ಕೇಳಿರಲಿಲ್ಲ. ಆ ಗೌನ್ ಮಾಡಿದ್ದ ಡಿಸೈನರ್ ಬಾಬ್ ಮ್ಯಾಕಿ ತಮ್ಮ ಬಟ್ಟೆಯ ಗುರುತು ಹಿಡಿದದ್ದರಿಂದ ವಿಷಯ ಹೊರಗೆ ಬಿತ್ತು. 2003ರ ಫೆಬ್ರವರಿಯ ಬ್ರಿಟಿಷ್ ಜಿಕ್ಯೂ ಮ್ಯಾಗಜೀನಿನಲ್ಲಿ ನಟಿ ಕೇಟ್ ವಿನ್ಸ್ಲೆಟ್ ಅವರ ಕಾಲುಗಳನ್ನು ಸಣ್ಣ ಮಾಡಿದ್ದರು. ನಾನು ಹಾಗಿಲ್ಲ, ಹಾಗಿರೋಕೆ ಆಸೆಯೂ ಇಲ್ಲ ಅಂತ ಅವರು ನೇರವಾಗಿ ಹೇಳಿದರು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ, 1994ರ ಮಿಸ್ ವರ್ಲ್ಡ್. ಅವರನ್ನೂ 2010ರ ಕೊನೆಯಲ್ಲಿ ಎಲ್ ಇಂಡಿಯಾ ಮುಖಪುಟದಲ್ಲಿ ಇನ್ನೂ ಬೆಳ್ಳಗೆ ಮಾಡಿದ್ದಾರೆ ಅಂತ ಗದ್ದಲ ಎದ್ದಿತ್ತು. ಐಶ್ವರ್ಯಾ ಬಣ್ಣವೂ ಸಾಲದು ಅಂತ ಜನರಿಗೆ ಅನುಮಾನ ಬರುವ ಹಾಗಾದರೆ, ನನಗೆ ಮೆಸೇಜು ಹಾಕಿದ ಹುಡುಗಿಯದು ಏನು ತಪ್ಪು?

ಫ್ರಾನ್ಸಿನಲ್ಲಿ ಒಂದು ಕಾನೂನು ಇದೆ. 2017ರ ಅಕ್ಟೋಬರಿನಿಂದ, ಜಾಹೀರಾತಿನ ಫೋಟೋದಲ್ಲಿ ಮಾಡೆಲ್‌ನ ಮೈಯನ್ನು ಸಣ್ಣ ಅಥವಾ ದಪ್ಪ ಮಾಡಿದ್ದರೆ, ಇದು ತಿದ್ದಿದ ಫೋಟೋ ಅಂತ ಅದರ ಮೇಲೇ ಬರೆಯಬೇಕು. ಒಳ್ಳೆಯದೇ. ಆದರೆ ಅದು ಜಾಹೀರಾತಿಗೆ, ಮ್ಯಾಗಜೀನಿನ ಮುಖಪುಟಕ್ಕೆ ಅಲ್ಲ. ಮೈಯಳತೆಗೆ ಮಾತ್ರ, ಕೂದಲಿಗೂ ಬಣ್ಣಕ್ಕೂ ಅಲ್ಲ. ನನ್ನ ಕಣ್ಣಿಗೆ ನೋವಾಗುವ ಎರಡು ಜಾಗವೂ ಹೊರಗೇ ಉಳಿದವು.

ಹಾಗಂತ ಮ್ಯಾಗಜೀನಿನವರಿಗೆ ಬೇರೆ ದಾರಿ ಗೊತ್ತಿಲ್ಲ ಅಂತಲ್ಲ. ನನಗೆ ತುಂಬಾ ಇಷ್ಟವಾದ ಮುಖಪುಟ ಒಂದಿದೆ. 1988ರ ನವೆಂಬರಿನ ಅಮೆರಿಕನ್ ವೋಗ್, ಆನಾ ವಿಂಟೂರ್ ಸಂಪಾದಕಿ ಆದ ಮೇಲಿನ ಮೊದಲ ಸಂಚಿಕೆ. ಪೀಟರ್ ಲಿಂಡ್‌ಬರ್ಗ್ ತೆಗೆದ ಫೋಟೋ. ಮಿಕೇಲಾ ಬರ್ಕು ಅನ್ನೋ ಮಾಡೆಲ್ ಬೀದಿಯಲ್ಲಿ ನಡೆದು ಬರುತ್ತಿದ್ದಾಳೆ, ನಗುತ್ತಾ, ಕಣ್ಣು ಅರ್ಧ ಮುಚ್ಚಿದೆ, ಕೂದಲು ಗಾಳಿಗೆ ಹಾರಿದೆ. ಮೇಲೆ 10,000 ಡಾಲರಿನ ಜಾಕೆಟ್, ಕೆಳಗೆ 50 ಡಾಲರಿನ ಜೀನ್ಸ್. ಜಾಕೆಟ್ಟಿನ ಜೊತೆ ಬಂದ ಸ್ಕರ್ಟು ಅವಳಿಗೆ ಬಿಗಿಯಾಯಿತಂತೆ, ಅದಕ್ಕೆ ಜೀನ್ಸ್ ಹಾಕಿಸಿದರು. ಹೊಟ್ಟೆಯೂ ಒಂಚೂರು ಕಾಣುತ್ತೆ. ಪ್ರಿಂಟಿಂಗ್ ಪ್ರೆಸ್ಸಿನವರು ಫೋನ್ ಮಾಡಿ, ಮುಖಪುಟಕ್ಕೆ ತಪ್ಪು ಫೋಟೋ ಬಂದಿಲ್ಲ ತಾನೇ ಅಂತ ಕೇಳಿದರಂತೆ. ಸ್ಕರ್ಟು ಬಿಗಿಯಾದರೆ ಸೊಂಟ ಒತ್ತಲಿಲ್ಲ, ಸ್ಕರ್ಟನ್ನೇ ಬಿಟ್ಟರು. ನೋಡಿದಾಗಲೆಲ್ಲಾ ಆ ಹುಡುಗಿ ಈಗ ನನ್ನ ಪಕ್ಕದಲ್ಲೇ ಹಾದು ಹೋದಳು ಅನ್ನಿಸುತ್ತೆ.

ಅಪ್ಪ ಒಂದು ಸಲ ತಮ್ಮ ನಿಯಮ ತಾವೇ ಮುರಿದಿದ್ದರು. ಒಬ್ಬಳು ಹುಡುಗಿಗೆ ಮೇಲ್ದುಟಿಯ ಪಕ್ಕ ಸಾಸಿವೆಕಾಳಿನಷ್ಟು ಮಚ್ಚೆ. ಮನೆಯವರು ಬಿಡದೆ ಕೇಳಿದ್ದಕ್ಕೆ ಅಳಿಸಿ ಕೊಟ್ಟರು. ಮಾರನೇ ದಿನ ಸಂಜೆ, ಟೈಪಿಂಗ್ ಕ್ಲಾಸ್ ಮುಗಿಸಿಕೊಂಡು ಆ ಹುಡುಗಿ ಒಬ್ಬಳೇ ಬಂದಳು. ಮಚ್ಚೆ ಮೇಲೆ ಬೆರಳಿಟ್ಟು, "ಅಣ್ಣಾ, ಇದನ್ನ ವಾಪಸ್ ಹಾಕಿಕೊಡ್ತೀರಾ?" ಅಂದಳು. ಅಪ್ಪ ಏನೂ ಮಾತಾಡಲಿಲ್ಲ. ನೆಗೆಟಿವ್ ಹುಡುಕಿ ತೆಗೆದು, ಹತ್ತಿಗೆ ಎರಡು ಹನಿ ಟರ್ಪೆಂಟೈನ್ ಹಾಕಿ, ಪೆನ್ಸಿಲ್ ಗುರುತನ್ನು ಒರೆಸಿದರು. ಕಿಂಡಿ ಮತ್ತೆ ಬೆಳಗಿತು. ಆ ಪ್ರಿಂಟಿಗೆ ಅವರು ದುಡ್ಡು ತಗೊಳ್ಳಲಿಲ್ಲ.

ಮದುಮಗಳಿಗೆ ಇಷ್ಟೆಲ್ಲಾ ಹೇಳೋಕೆ ಆಗಲಿಲ್ಲ. ಲುಪಿತಾ ಫೋಟೋ ಎರಡು, ಜೊತೆಗೆ ಅವಳದೇ ಫೋಟೋ ಎರಡು ಕಳಿಸಿದೆ. ಒಂದರಲ್ಲಿ ಅವಳು ಕೇಳಿದ ಹಾಗೆ ಬೆಣ್ಣೆ ಚರ್ಮ. ಇನ್ನೊಂದರಲ್ಲಿ ಮೊಡವೆ, ನಿದ್ದೆಗೆಟ್ಟ ಕಣ್ಣಿನ ಕೆಳಗಿನ ಕಪ್ಪು ಇಷ್ಟು ಮಾತ್ರ ತೆಗೆದಿದ್ದೆ. ಅವಳ ಬಣ್ಣ, ಹುಬ್ಬಿನ ಮೇಲೆ ಸೈಕಲ್ಲಿನಿಂದ ಬಿದ್ದು ಆದ ಗಾಯದ ಗುರುತು, ಅರಿಶಿನ ಹಚ್ಚಿದ್ದಕ್ಕೆ ಕಿವಿಯ ಹತ್ತಿರ ಉಳಿದ ಹಳದಿ, ಎಲ್ಲಾ ಹಾಗೇ ಬಿಟ್ಟೆ. ಎರಡು ದಿನ ಉತ್ತರ ಇಲ್ಲ. ನಿನ್ನೆ ರಾತ್ರಿ ಬಂತು. "ಅಕ್ಕಾ, ಇನ್‌ಸ್ಟಾಗ್ರಾಮಿಗೆ ಮೊದಲನೇದು ಹಾಕ್ತೀನಿ. ಆಲ್ಬಂ ಕವರಿಗೆ ಎರಡನೇದು ಇರ್ಲಿ. ಅಜ್ಜಿ ಅದನ್ನ ನೋಡಿ ಕೈಯಲ್ಲಿ ಹುಬ್ಬು ಸವರಿದ್ರು."

ಶುಕ್ರವಾರ ಪ್ರಿಂಟಿಗೆ ಕಳಿಸುತ್ತಿದ್ದೇನೆ.