ಶುಕ್ರನಿಗೆ ಇಳಿಯಲು ಪ್ಯಾರಾಚೂಟ್ ಏಕೆ ಚಿಕ್ಕದಾಗುತ್ತ ಹೋಯಿತು?

ಸೋವಿಯತ್ ಒಕ್ಕೂಟದ ವೆನೆರಾ ನೌಕೆಗಳ ಮಾತು ಬಂದರೆ ಸಾಮಾನ್ಯವಾಗಿ 1975ರಲ್ಲಿ ಸಿಕ್ಕ ಮೊದಲ ನೆಲದ ಚಿತ್ರದಿಂದಲೇ ಕತೆ ಶುರುವಾಗುತ್ತದೆ. ಅದಕ್ಕೂ ಹಿಂದಿನ ಎಂಟು ವರ್ಷಗಳಲ್ಲಿ ಇನ್ನೂ ಸ್ವಾರಸ್ಯವಿದೆ. ಶುಕ್ರನ ನೆಲದ ಮೇಲೆ ಒತ್ತಡ ಎಷ್ಟು ಎಂಬುದೇ ಗೊತ್ತಿಲ್ಲದೆ ಅಲ್ಲಿಗೆ ಇಳಿಯುವ ಗೋಲ ಕಟ್ಟಬೇಕಿತ್ತು. ಒಂದು ಗೋಲ ಎಷ್ಟು ಒತ್ತಡಕ್ಕೆ ಅಪ್ಪಚ್ಚಿಯಾಯಿತೋ ಅದೇ ಮುಂದಿನ ಗೋಲಕ್ಕೆ ಲೆಕ್ಕ.

ವೆನೆರಾ 4 ಶುಕ್ರನ ವಾತಾವರಣಕ್ಕೆ ಹೊಕ್ಕಿದ್ದು 1967ರ ಅಕ್ಟೋಬರ್ 18ರಂದು. ಗೋಲದ ತೂಕ 383 ಕೆ.ಜಿ. ಮೋಡದ ಕೆಳಗೆ ಸಮುದ್ರ ಇದ್ದರೂ ಇರಬಹುದು ಎಂಬ ಅನುಮಾನ ಆಗಿನ್ನೂ ಪೂರ್ತಿ ಹೋಗಿರಲಿಲ್ಲ. ಹಾಗಾಗಿ ಅದರಲ್ಲಿ ಸಕ್ಕರೆಯಿಂದ ಮಾಡಿದ ಒಂದು ಚಿಲಕ ಇತ್ತು. ನೀರಿಗೆ ಬಿದ್ದರೆ ಸಕ್ಕರೆ ಕರಗಿ ಆಂಟೆನಾ ಬಿಚ್ಚಿಕೊಳ್ಳಬೇಕು. ನೀರು ಸಿಗಲಿಲ್ಲ. 93 ನಿಮಿಷ ಅಂಕಿ ಅಂಶ ಕಳಿಸಿ, 262 ಡಿಗ್ರಿ ಸೆಲ್ಸಿಯಸ್ ಶಾಖ, ಭೂಮಿಯ 22 ಪಟ್ಟು ಒತ್ತಡ ಎಂದು ತಿಳಿಸಿ ಗೋಲ ಮೌನವಾಯಿತು. ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗಿರುವುದು ಸುಮಾರು 2 ಪಟ್ಟು, ಅಷ್ಟೆ.

ಗೋಲ ನೆಲ ಮುಟ್ಟಿತು ಎಂದು ಮಾಸ್ಕೋ ಸಾರಿತು. ಎಡವಟ್ಟಾಗಿದ್ದು ರೇಡಿಯೋ ಎತ್ತರಮಾಪಕದಲ್ಲಿ. ಅದರ ಸಂಕೇತ ಒಂದು ನಿರ್ದಿಷ್ಟ ಅಂತರಕ್ಕೊಮ್ಮೆ ಮರುಕಳಿಸುತ್ತದೆ. ಎಷ್ಟನೇ ಸುತ್ತಿನದು ಎಂದು ಗೊತ್ತಾಗದಿದ್ದರೆ ಎತ್ತರ ತಪ್ಪಾಗುತ್ತದೆ. ಇಳಿತದ ಆರಂಭದಲ್ಲಿ 26 ಕಿ.ಮೀ. ಎತ್ತರ ಎಂದುಕೊಂಡ ಕಡೆ ಗೋಲ ಇದ್ದದ್ದು ಅದರ ಸುಮಾರು ಎರಡರಷ್ಟು ಮೇಲೆ. ಮಾರನೇ ದಿನವೇ ಅಮೆರಿಕದ ಮ್ಯಾರಿನರ್ 5 ಶುಕ್ರನ ಪಕ್ಕದಲ್ಲಿ ಹಾದುಹೋಯಿತು. ಅದರ ರೇಡಿಯೋ ಅಲೆ ಶುಕ್ರನ ವಾತಾವರಣದಲ್ಲಿ ಬಾಗಿದ ಬಗೆ ನೋಡಿದರೆ ನೆಲದ ಒತ್ತಡ 75ರಿಂದ 100 ಪಟ್ಟು ಇರಬೇಕಿತ್ತು. ಎರಡೂ ಲೆಕ್ಕ ಕೂಡಿಸಿದಾಗ ತಿಳಿದದ್ದು: ವೆನೆರಾ 4 ಸತ್ತದ್ದು ನೆಲಕ್ಕಿಂತ ಇಪ್ಪತ್ತೈದು ಕಿ.ಮೀ. ಆಸುಪಾಸು ಮೇಲೆ.

ಶುಕ್ರನಿಗೆ ಉಡಾವಣೆಯ ಅವಕಾಶ 19 ತಿಂಗಳಿಗೊಮ್ಮೆ ಮಾತ್ರ. 1969ರ ಜನವರಿಯ ಅವಕಾಶಕ್ಕೆ ಹೊಸ ಗೋಲ ಕಟ್ಟಲು ಸಮಯ ಸಾಲಲಿಲ್ಲ; ಹಳೆಯದನ್ನೇ 25 ಪಟ್ಟು ಒತ್ತಡ ತಾಳುವಂತೆ ಗಟ್ಟಿ ಮಾಡಿದರು. ಜೊತೆಗೆ ಪ್ಯಾರಾಚೂಟನ್ನು ಮೂರನೇ ಒಂದು ಪಾಲಿಗೂ ಕಡಿಮೆ ಮಾಡಿದರು. ಮೊದಲು ಕೇಳಿದಾಗ ಇದು ತಿರುಗುಮುರುಗು ಅನ್ನಿಸುತ್ತದೆ. ಆದರೆ ದಟ್ಟ ಗಾಳಿಯಲ್ಲಿ ದೊಡ್ಡ ಪ್ಯಾರಾಚೂಟ್ ಎಂದರೆ ಗಂಟೆಗಟ್ಟಲೆ ತೇಲುವುದು. ಅಷ್ಟರಲ್ಲಿ ಬ್ಯಾಟರಿ ಮುಗಿಯುತ್ತದೆ, ಶಾಖ ಒಳಗೆ ಇಳಿಯುತ್ತದೆ. ಇಲ್ಲಿ ಬೇಗ ಬೀಳುವುದೇ ಲೇಸು. ವೆನೆರಾ 5 ಮತ್ತು 6 ಐವತ್ತು ನಿಮಿಷ ದಾಟುವ ಹೊತ್ತಿಗೆ, ಒತ್ತಡ ಸುಮಾರು 27 ಪಟ್ಟು ಮುಟ್ಟಿದಾಗ ಜಜ್ಜಿಹೋದವು. ಚಿಪ್ಪು ಹೇಳಿದಷ್ಟು ಕೆಲಸ ಮಾಡಿತ್ತು, ದೂರಲು ಏನೂ ಇಲ್ಲ.

ವೆನೆರಾ 7ಕ್ಕೆ, ಈ ನೌಕೆಗಳನ್ನು ಕಟ್ಟುತ್ತಿದ್ದ ಲಾವೋಚ್ಕಿನ್ ಸಂಸ್ಥೆಯ ಎಂಜಿನಿಯರುಗಳು ಅಂದಾಜಿನ ಆಟ ಬಿಟ್ಟರು. ಟೈಟಾನಿಯಂ ಗೋಲ, 180 ಪಟ್ಟು ಒತ್ತಡ, 540 ಡಿಗ್ರಿ ಶಾಖ. ಇಷ್ಟು ದಪ್ಪ ಚಿಪ್ಪು ಹಾಕಿದ ಮೇಲೆ ಉಪಕರಣಕ್ಕೆ ತೂಕ ಎಲ್ಲಿ ಉಳಿಯುತ್ತದೆ? ಉಷ್ಣಮಾಪಕ, ಒತ್ತಡಮಾಪಕ ಬಿಟ್ಟರೆ ಹೆಚ್ಚೇನೂ ಹೊರಲಿಲ್ಲ. ವಾತಾವರಣಕ್ಕೆ ಹೊಕ್ಕುವ ಮುನ್ನವೇ ಮಾತೃನೌಕೆಯ ಮೂಲಕ ಗೋಲದ ಒಳಭಾಗವನ್ನು ಮೈನಸ್ 8 ಡಿಗ್ರಿಗೆ ತಣ್ಣಗೆ ಮಾಡಿದರು. ಪ್ಯಾರಾಚೂಟ್ ಪೂರ್ತಿ ಬಿಚ್ಚಿಕೊಂಡರೂ ಬರೇ 2.5 ಚದರ ಮೀಟರ್.

1970ರ ಡಿಸೆಂಬರ್ 15. ಇಳಿಯುವಾಗ ಪ್ಯಾರಾಚೂಟ್ ಕೈಕೊಟ್ಟಿತು. ಒಂದು ಗಂಟೆ ಹಿಡಿಯಬೇಕಿದ್ದ ಇಳಿತ 35 ನಿಮಿಷದಲ್ಲೇ ಮುಗಿದು, ಗೋಲ ಸೆಕೆಂಡಿಗೆ 16ರಿಂದ 17 ಮೀಟರ್ ವೇಗದಲ್ಲಿ ನೆಲಕ್ಕೆ ಬಡಿಯಿತು. ಸಂಕೇತ ನಿಂತಿತು. ಆದರೆ ಟೇಪ್ ಓಡುತ್ತಲೇ ಇತ್ತು. ಕೆಲವು ವಾರಗಳ ಮೇಲೆ ರೇಡಿಯೋ ಖಗೋಳಜ್ಞ ಒಲೆಗ್ ರ್ಝಿಗಾ ಅದನ್ನು ಜಾಲಾಡಿದಾಗ, ಗದ್ದಲದ ಅಡಿಯಲ್ಲಿ ಇನ್ನೂ 23 ನಿಮಿಷದ ಕ್ಷೀಣ ಸಂಕೇತ ಸಿಕ್ಕಿತು. ಗೋಲ ಪುಟಿದು ಪಕ್ಕಕ್ಕೆ ವಾಲಿ, ಆಂಟೆನಾ ಭೂಮಿಯತ್ತ ಮುಖ ಮಾಡದೆ ಹೋಗಿತ್ತು.

ಸಾಲದ್ದಕ್ಕೆ, ಒಂದೊಂದೇ ಉಪಕರಣದ ಅಂಕಿಯನ್ನು ಸರದಿಯಲ್ಲಿ ಕಳಿಸುವ ಸ್ವಿಚ್ ಇಳಿಯುವಾಗಲೇ ಸಿಕ್ಕಿಕೊಂಡು, ಬಂದದ್ದೆಲ್ಲ ಶಾಖದ ಅಂಕಿಯೇ: 475 ಡಿಗ್ರಿ. ಒತ್ತಡಮಾಪಕದಿಂದ ನೆಲದ ಮೇಲೆ ಒಂದು ಅಂಕಿಯೂ ಬರಲಿಲ್ಲ. ಆದರೂ ದಾರಿ ಇತ್ತು. ಗೋಲ ಚಲಿಸುವಾಗ ರೇಡಿಯೋ ಆವರ್ತನ ಚೂರು ಬದಲಾಗುತ್ತದೆ; ಈ ಡಾಪ್ಲರ್ ಪಲ್ಲಟದಿಂದ ಬೀಳುವ ವೇಗ ಸಿಗುತ್ತದೆ, ವೇಗದಿಂದ ಗಾಳಿಯ ಸಾಂದ್ರತೆ, ಸಾಂದ್ರತೆಯ ಜೊತೆ ಶಾಖ ಸೇರಿಸಿದರೆ ಒತ್ತಡ. ಹಾಗೆ ಹೊರಬಂದ ಉತ್ತರ ಸುಮಾರು 90 ಪಟ್ಟು. ಇಂದಿನ ಪುಸ್ತಕಗಳಲ್ಲಿರುವ 92ಕ್ಕೆ ಇದು ಎಷ್ಟು ಹತ್ತಿರ ನೋಡಿ!

ಆಮೇಲಿನದು ಸಲೀಸು. 1972ರ ಜುಲೈ 22ರಂದು ಇಳಿದ ವೆನೆರಾ 8ರಲ್ಲಿ ಚಿಪ್ಪು ತೆಳುವಾಯಿತು, ಉಳಿದ ತೂಕ ಉಪಕರಣಗಳಿಗೆ ಹೋಯಿತು. ಗೋಲ ವಾಲಿದರೂ ಸಂಕೇತ ತಪ್ಪದಿರಲಿ ಎಂದು ನೆಲದ ಮೇಲೆ ಹೊರಗೆ ಎಸೆಯುವ ಎರಡನೇ ಆಂಟೆನಾ ಬಂತು. 1975ರ ವೆನೆರಾ 9 ಇನ್ನೂ ಮುಂದೆ ಹೋಗಿ, ಸುಮಾರು 50 ಕಿ.ಮೀ. ಎತ್ತರದಲ್ಲೇ ಪ್ಯಾರಾಚೂಟನ್ನು ಕಳಚಿಹಾಕಿತು. ಉಳಿದ ದಾರಿಗೆ ತಲೆಯ ಮೇಲಿನ ಒಂದು ಲೋಹದ ತಟ್ಟೆಯೇ ಬ್ರೇಕು. ನೆಲ ಮುಟ್ಟಿದ ವೇಗ ಸೆಕೆಂಡಿಗೆ 7 ಮೀಟರ್ ಚಿಲ್ಲರೆ, ಪ್ಯಾರಾಚೂಟ್ ಕೈಕೊಟ್ಟ ವೆನೆರಾ 7ರ ಅರ್ಧಕ್ಕೂ ಕಡಿಮೆ.

ಆ ಪ್ರಸಿದ್ಧ ಚಿತ್ರ ಬಂದದ್ದು ಇದರಿಂದಲೇ. ಓಲಾಡುವ ಕನ್ನಡಿ ಒಂದೊಂದೇ ಗೆರೆ ಸ್ಕ್ಯಾನ್ ಮಾಡಬೇಕು, ಒಂದು ಗೆರೆಗೆ 3.5 ಸೆಕೆಂಡು, ಕಕ್ಷೆಯಲ್ಲಿದ್ದ ಮಾತೃನೌಕೆಗೆ ಸೆಕೆಂಡಿಗೆ 256 ಬಿಟ್ ರವಾನೆ. 180 ಡಿಗ್ರಿಯ ಒಂದು ನೋಟಕ್ಕೆ ಅರ್ಧ ಗಂಟೆ. ಎರಡು ಕ್ಯಾಮೆರಾಗಳಲ್ಲಿ ಒಂದರ ಮುಚ್ಚಳ ತೆರೆಯಲೇ ಇಲ್ಲ. 1978ರ ವೆನೆರಾ 11, 12ರಲ್ಲಂತೂ ಒಂದೂ ತೆರೆಯಲಿಲ್ಲ. 180 ಪಟ್ಟು ಒತ್ತಡಕ್ಕೆ ಗೋಲ ಕಟ್ಟಿದವರಿಗೆ ಮುಚ್ಚಳ ಸವಾಲಾಯಿತು!

ವೆನೆರಾ 8ರ ಅವಳಿಯೊಂದು 1972ರ ಮಾರ್ಚ್ 31ರಂದು ಹೊರಟು ಭೂಮಿಯ ಕಕ್ಷೆಯಲ್ಲೇ ಸಿಕ್ಕಿಬಿದ್ದಿತ್ತು. ಕಾಸ್ಮೋಸ್ 482 ಎಂಬ ಹೆಸರಿನಲ್ಲಿ 53 ವರ್ಷ ಸುತ್ತಿದ ಆ ಗೋಲ ಕೆಳಗೆ ಬಂದದ್ದು 2025ರ ಮೇ 10ರಂದು. ಶುಕ್ರನಿಗಾಗಿ ಕಟ್ಟಿದ್ದಾದ್ದರಿಂದ ಉರಿಯದೆ ಇಡಿಯಾಗಿಯೇ ನೆಲಕ್ಕೆ ಬಿದ್ದೀತು ಎಂಬ ಆತಂಕ ಇತ್ತು. ರಷ್ಯಾದ ಬಾಹ್ಯಾಕಾಶ ಸಂಸ್ಥೆಯ ಪ್ರಕಾರ ಅದು ಬಿದ್ದದ್ದು ಜಕಾರ್ತಾದ ಪಶ್ಚಿಮಕ್ಕೆ, ಹಿಂದೂ ಮಹಾಸಾಗರದಲ್ಲಿ.