ಶನಿಯ ಬಳೆ ಎಲ್ಲದರಿ ಸರ?

2025ರ ನವೆಂಬರ್‌ನ ಕೊನೆಯ ಶನಿವಾರ. ಕಲಬುರಗಿಯ ರಿಂಗ್ ರೋಡಿನಾಚೆ ಒಂದು ಮೈದಾನ, ಜನರಿಗೆ ದೂರದರ್ಶಕದಲ್ಲಿ ಶನಿ ತೋರಿಸುವ ಕಾರ್ಯಕ್ರಮ. ಗೇಟಿಗೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಕ್ಯಾಸಿನಿ ನೌಕೆ ತೆಗೆದ ಶನಿ ಅಗಲ ಬಳೆ ತೊಟ್ಟು ಮೆರೆಯುತ್ತಿದ್ದ. 2019ರ ಫ್ಲೆಕ್ಸ್ ಅದು. ಹೊಸದಕ್ಕೆ ಆಡಳಿತ ಮಂಡಳಿ ರೊಕ್ಕ ಕೊಡಲಿಲ್ಲ, ತಾರೀಖಿನ ಮೇಲೆ ನಾನೇ ಸ್ಟಿಕ್ಕರ್ ಹಚ್ಚಿದ್ದೆ. ಆ ದಿನದ ಆಕಾಶ ತೋರಿಸುವ ಸ್ಟೆಲ್ಲೇರಿಯಂ ಆ್ಯಪ್ ತೆರೆದು ನೋಡಲಿಲ್ಲ. ಶನಿಯ ಬಳೆ ಎಲ್ಲಿಗೆ ಹೋಗ್ತದ ಅನ್ನೋ ಧೈರ್ಯ.

ಏಳೂವರೆಗೆ 8 ಇಂಚಿನ ಕನ್ನಡಿಯ ಡಾಬ್ ದೂರದರ್ಶಕ ತಿರುಗಿಸಿ, ಕಣ್ಣಿಡುವ ಕಡೆ 10 ಎಂಎಂ ಐಪೀಸ್ ಮಸೂರ ಹಾಕಿದೆ. ಲಿಂಬೆಹಣ್ಣಿಗೆ ಸೂಜಿ ಚುಚ್ಚಿದಂಗ ಒಂದು ಗೆರೆ, ಅಷ್ಟೇ. ಫೋಕಸ್ ಆಚೆ ಈಚೆ ಮಾಡಿದರೂ ಗೆರೆ ಗೆರೆಯೇ. ಸಾಲಿನ ಮೊದಲಿಗ ಕಣ್ಣಿಟ್ಟು ಅಂದ: "ರಿಂಗ್ ರೋಡ್ ದಾಟಿ ಬಂದೀನ್ರಿ, ರಿಂಗೇ ಇಲ್ಲಲ್ಲ!" ಹಿಂದಿದ್ದವರೆಲ್ಲ ನಕ್ಕರು.

ಅಲ್ಲಿಗೆ ಬಿಟ್ಟಿದ್ದರೆ ಚಲೋ ಇತ್ತು. ಆಟೋದಲ್ಲಿ ಕುಲುಕಿ ಕೋಲಿಮೇಷನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ಹೋಗಿರಬೇಕು ಎಂದುಕೊಂಡು, ಅಷ್ಟೂ ಜನರೆದುರು ಅಲೆನ್ ಕೀ ತೆಗೆದು ಕನ್ನಡಿಯ ಸ್ಕ್ರೂ ತಿರುವಿದೆ. ಅರ್ಧ ಸುತ್ತು. ಶನಿಗೆ ಬಾಲ ಬಂದು ಧೂಮಕೇತುವಾದ. ಇನ್ನರ್ಧ ಸುತ್ತಿಗೆ ಅದೂ ಕೆಟ್ಟಿತು. ಬೆವರಿದ ಕೈಯಿಂದ ಕೀ ಹುಲ್ಲಿಗೆ ಬಿತ್ತು. ಕೆಂಪು ಟಾರ್ಚ್ ಹಿಡಿದು ಮೊಣಕಾಲೂರಿ ತಡಕುತ್ತಿರುವಾಗ ಅಜ್ಜನೊಬ್ಬ, "ಸಾಡೇಸಾತಿ ಸುರು ಆದಂಗದ ಮಾಸ್ತರಗ" ಎಂದ. ಕನ್ನಡಿ ಸರಿಹೊಂದಿಸುವ ಲೇಸರ್ ಕೋಲಿಮೇಟರ್ ಲ್ಯಾಬಿನ ಬೀರುವಿನಲ್ಲಿ, ಬೀರುವಿನ ಕೀಲಿ ಅಟೆಂಡರ್ ಕಿಸೆಯಲ್ಲಿ, ಅಟೆಂಡರ್ ಮದುವೆಯಲ್ಲಿ.

ಆಗ ಕೆಮಿಸ್ಟ್ರಿ ಮೇಡಂ ಮೊಬೈಲ್ ಮುಂದೆ ಹಿಡಿದರು: "ಸರ್, ಬಳೆಯ ಓರೆ ಅರ್ಧ ಡಿಗ್ರಿನೂ ಇಲ್ಲ."

ಕೆಮಿಸ್ಟ್ರಿ ಮೇಡಂ! ಹೆಚ್ಚುಕಮ್ಮಿ 15 ವರ್ಷಕ್ಕೊಮ್ಮೆ ಬಳೆಯ ಅಂಚು ನಮ್ಮತ್ತಲೇ ತಿರುಗುತ್ತದೆ. ಆ ವರ್ಷ ಮಾರ್ಚ್ 23ಕ್ಕೆ ತಿರುಗಿತ್ತು, ನವೆಂಬರಿನಲ್ಲಿ ಮತ್ತೆ ಅದರ ಹತ್ತಿರಕ್ಕೇ ಬಂದಿತ್ತು. 2.8 ಲಕ್ಷ ಕಿಲೋಮೀಟರ್ ಅಗಲದ ಬಳೆ, ದಪ್ಪ ಮಾತ್ರ ಬಹುತೇಕ ಕಡೆ ಹತ್ತಾರು ಮೀಟರ್. ನಾವು ಕಂಡ ಗೆರೆಯೇ ಬಳೆ. 1612ರಲ್ಲಿ ಗೆಲಿಲಿಯೋ ಕೂಡ ಹೀಗೇ ತಬ್ಬಿಬ್ಬಾಗಿದ್ದ, ಅದನ್ನು ಪ್ರತಿ ವರ್ಷ ಪಾಠ ಮಾಡುವವನು ನಾನೇ.

ಫೋಮಲ್‌ಹಾಟ್ ನಕ್ಷತ್ರವನ್ನು ಡೀಫೋಕಸ್ ಮಾಡಿ ಕನ್ನಡಿ ಸರಿಪಡಿಸಲು 40 ನಿಮಿಷ ಹಿಡಿಯಿತು. ಅಷ್ಟರಲ್ಲಿ ಅರ್ಧ ಸಾಲು ಮಿರ್ಚಿ ಬಂಡಿ ಸೇರಿತ್ತು. ಉಳಿದವರಿಗೆ ಪಕ್ಕದಲ್ಲೇ ಇದ್ದ ನವಮಿ ಚಂದ್ರನ ಕುಳಿ ತೋರಿಸಿ ಮಾನ ಉಳಿಸಿಕೊಂಡೆ. ಒಬ್ಬ ಹುಡುಗಿ ಮಾತ್ರ ಶನಿಯೇ ಬೇಕೆಂದು ಹಟ ಹಿಡಿದು ನೋಡಿ, "ಗೆರಿ ಬಾಜೂಕ ಚುಕ್ಕಿ ಯಾವುದ್ರಿ?" ಅಂದಳು. ಟೈಟನ್, ಶನಿಯ ದೊಡ್ಡ ಚಂದ್ರ.

ಸೋಮವಾರ ಆಫೀಸಿನವರು ಕರೆದು ಫ್ಲೆಕ್ಸ್ ಬಿಸಾಡಬ್ಯಾಡ್ರಿ ಎಂದರು. ಬಳೆ ಹಂಗ ಪೂರ್ತಿ ತೆರೆಯೋದು 2032ಕ್ಕೆ ಎಂದೆ.

"ಹಂಗಾರ ಸ್ಟೋರ್‌ದಾಗ ಇಡ್ರಿ. ತಾರೀಖಿನ ಮ್ಯಾಲ ಇನ್ನೊಂದು ಸ್ಟಿಕ್ಕರ್ ಹಚ್ಚಿದರಾತು."