ಕಾಸರಗೋಡಲ್ಲಿ ಊಟಕ್ಕೆ ಯಾವ ಹೋಟೆಲ್ ಒಳ್ಳೇದು? ಕೇಳಿದವರಿಗೆಲ್ಲ ಒಂದೇ ಸಲ

ಪ್ರಶ್ನೆ ಇಷ್ಟೇ. "ನಾವು ಆ ಕಡೆ ಬರ್ತಾ ಇದ್ದೇವೆ, ಕಾಸರಗೋಡಲ್ಲಿ ಊಟಕ್ಕೆ ಬೆಸ್ಟ್ ಹೋಟೆಲ್ ಯಾವ್ದು?" ಬೆಂಗಳೂರಿನವರು ಕೇಳ್ತಾರೆ, ಮೈಸೂರಿನವರು ಕೇಳ್ತಾರೆ, ಐವತ್ತು ಕಿಲೋಮೀಟರು ಆಚೆ ಮಂಗಳೂರಲ್ಲಿ ಕೂತವರೂ ಕೇಳ್ತಾರೆ, ಕೆಲವರಂತೂ ಬೇಕಲ ಕೋಟೆಯ ಮೇಲೆ ನಿಂತುಕೊಂಡೇ ಫೋನ್ ಮಾಡುದು, ಹಿಂದಿಂದ ಮಕ್ಕಳು ಹಸಿವು ಹಸಿವು ಅಂತ ಕಿರುಚುದು ನನಗೆ ಕೇಳ್ತಾ ಇರ್ತದೆ. ನಾನು ಹೋಟೆಲ್ ಇಟ್ಟವ ಅಲ್ಲ, ಬಾಯಿಗೆ ತುತ್ತು ಇಡುವ ಮೊದಲು ಕ್ಯಾಮರಾ ನೋಡಿ ಕಣ್ಣು ದೊಡ್ಡದು ಮಾಡುವವನೂ ಅಲ್ಲ. ಇಲ್ಲೇ ಹುಟ್ಟಿ ಇಲ್ಲೇ ತಿಂದು ದಪ್ಪ ಆದವ, ಅದೇ ಕ್ವಾಲಿಫಿಕೇಶನ್ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ.

ನಾನು ವಾಪಸ್ ಮೂರು ಪ್ರಶ್ನೆ ಕೇಳ್ತೇನೆ. ಎಷ್ಟು ಗಂಟೆಗೆ ಬರ್ತೀರಿ? ಮೀನು ತಿಂತೀರಾ? ಚಂದ್ರಗಿರಿ ಹೊಳೆಯಿಂದ ಆಚೆ ಇರ್ತೀರಾ ಈಚೆ ಇರ್ತೀರಾ? ಅಷ್ಟು ಕೇಳಿದ್ದೇ ತಡ ಅವರ ಸ್ವರ ಬದಲಾಗ್ತದೆ. "ಅಯ್ಯೋ ಅದೆಲ್ಲ ಬೇಡ, ಒಂದು ಹೆಸರು ಹೇಳಿ ಸಾಕು." ಹೆಸರು ಹೇಳುದಿಲ್ಲ ಮಾರಾಯ್ರೆ. ಹೆಸರು ಹೇಳಿದ್ರೆ ಎಂತ ಆಗ್ತದೆ ಅಂತ ನನಗೆ ಗೊತ್ತುಂಟು, ಮಧ್ಯಾಹ್ನ ಹನ್ನೆರಡೂವರೆಗೆ ಭರ್ಜರಿ ಮೀನೂಟ ಕೊಡುವ ಹೋಟೆಲಿಗೆ ನೀವು ಮೂರು ಗಂಟೆಗೆ ಹೋಗ್ತೀರಿ, ಅಲ್ಲಿ ತಳದ ಅನ್ನ, ಆರಿದ ಸಾರು, ಫ್ರೈ ಖಾಲಿ, ಆಮೇಲೆ ಒಂದು ಸ್ಟಾರ್ ಕೊಟ್ಟು "ಲೋಕಲ್ ಒಬ್ಬರು ಹೇಳಿದ್ರು ಅಂತ ಬಂದೆವು, ವೇಸ್ಟ್" ಅಂತ ಬರೀತೀರಿ. ಆ ಲೋಕಲ್ ನಾನು. ಮರುದಿನ ಅದೇ ಹೋಟೆಲಿಗೆ ಚಾ ಕುಡೀಲಿಕ್ಕೆ ಹೋಗ್ಬೇಕಾದವನೂ ನಾನೇ.

ಮೊನ್ನೆ ಮೊನ್ನೆಯ ಒಂದು ಕಥೆ ಹೇಳ್ತೇನೆ, ಈ ಬರಹ ಬರೀಲಿಕ್ಕೆ ಅದೇ ಕಾರಣ. ನಮ್ಮ ಸಂಬಂಧಿಕರೊಬ್ಬರ ಆಫೀಸಿನವರು, ಒಂದು ಟೆಂಪೋ ಟ್ರಾವೆಲರ್ ತುಂಬ ಜನ, ಅನಂತಪುರದ ಕೆರೆ ದೇವಸ್ಥಾನ ನೋಡಿ ಮಧೂರಿಗೆ ಹೋಗಿ ಅಪ್ಪ ಪ್ರಸಾದ ಕಟ್ಟಿಸಿಕೊಂಡು ಪೇಟೆಗೆ ಬಂದಿದ್ರು. ಬೆಳಿಗ್ಗೆಯಿಂದ ಫೋನ್. ಕೊನೆಗೆ ನಾನೇ ಹೋಗಿ ಕರ್ಕೊಂಡು ಹೋದೆ, ಹೇಳುದಕ್ಕಿಂತ ಅದು ಸುಲಭ ಅಂತ. ಬಾಗಿಲಲ್ಲೇ ಒಬ್ಬರು ನನ್ನ ಕೈ ಹಿಡಿದು ಸ್ವರ ತಗ್ಗಿಸಿ ಕೇಳಿದ್ರು, "ಇದು ನಮ್ಮವರದ್ದೇ ಹೋಟೆಲ್ ಅಲ್ವಾ ಸರ್?"

ನನಗೆ ಪಿತ್ತ ನೆತ್ತಿಗೇರಿತು, ಆದ್ರೂ ಅತಿಥಿಗಳು ಅಂತ ಸುಮ್ನಿದ್ದೆ. ಈಗ ಸುಮ್ನಿರುದಿಲ್ಲ. ಕೇಳಿ. ಆ ಹೋಟೆಲಿನ ಗಲ್ಲೆಯಲ್ಲಿ ಕೂತವರ ಮನೆಮಾತು ತುಳು. ಅಡಿಗೆಯವ ಪಯ್ಯನ್ನೂರು ಕಡೆಯವ, ಮಲಯಾಳ. ನಿಮಗೆ ಅನ್ನ ಬಡಿಸಿದ ಹುಡುಗ ಬಂಗಾಳದವ, ಅವ ಮಲಯಾಳ ನನಗಿಂತ ಚೆನ್ನಾಗಿ ಮಾತಾಡ್ತಾನೆ, ಕನ್ನಡವೂ ಊಟಕ್ಕೆ ಬೇಕಾದಷ್ಟು ಬರ್ತದೆ. ಮೀನು ಒಂದು ದಿನ ಇಲ್ಲಿಯ ಕಸಬಾ ಕಡಪ್ಪುರದ್ದು, ಒಂದು ದಿನ ಮಂಗಳೂರು ದಕ್ಕೆಯದ್ದು. ಅಕ್ಕಿ ಆಂಧ್ರದ ಜಯ, ತರಕಾರಿ ಘಟ್ಟದ ಮೇಲಿಂದ. ಇದರಲ್ಲಿ ನಿಮ್ಮವರನ್ನು ನೀವೇ ಹುಡುಕಿಕೊಳ್ಳಿ. ಮತ್ತೆ ಒಂದು ವಿಷಯ, 2020ರ ಲಾಕ್‌ಡೌನಿನಲ್ಲಿ ಕರ್ನಾಟಕದವರು ತಲಪಾಡಿ ಗಡಿ ಮುಚ್ಚಿ ಒಳರಸ್ತೆಗಳಿಗೆಲ್ಲ ಮಣ್ಣು ಸುರಿದು, ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಗಳನ್ನೇ ಬಿಡದೆ ಇದ್ದಾಗ ಈ "ನಮ್ಮವರು" ಎಲ್ಲಿದ್ರು ಅಂತ ಕೇಳ್ಬೇಕು ಅಂತ ಬಾಯಿಗೆ ಬಂತು. ಕೇಳ್ಲಿಲ್ಲ. ಊಟದ ಹೊತ್ತು.

ಕೂತ ಮೇಲೆ ನೀರು ಬಂತು. ಬಿಸಿನೀರು, ಗುಲಾಬಿ ಬಣ್ಣ. ಎಲ್ಲರ ಮುಖ ನೋಡ್ಬೇಕಿತ್ತು. ಒಬ್ಬರು ಗ್ಲಾಸು ಎತ್ತಿ ಬೆಳಕಿಗೆ ಹಿಡಿದು ಪೈಪು ತುಕ್ಕು ಹಿಡಿದಿದೆಯಾ ಅಂತ ಕೇಳಿದ್ರು. ಅದು ಪದಿಮುಗಂ ಅಂತ ಒಂದು ಮರದ ಚೆಕ್ಕೆ ಹಾಕಿ ಕುದಿಸಿದ ನೀರು, ಕೇರಳದ ಹೋಟೆಲುಗಳಲ್ಲೆಲ್ಲ ಕೊಡ್ತಾರೆ, ಬಣ್ಣ ಇದ್ರೆ ಕುದಿಸಿದ್ದಾರೆ ಅಂತಲೂ ಗೊತ್ತಾಗ್ತದೆ ಅಂತ ಹೇಳಿದೆ. ತಲೆ ಆಡಿಸಿದ್ರು, ಬಾಟಲಿ ನೀರು ತರಿಸಿದ್ರು. ಆಮೇಲೆ ಅನ್ನ ಬಂತು, ಕುಚ್ಚಿಲಕ್ಕಿ, ಒಂದೊಂದು ಅಗುಳು ನನ್ನ ಉಗುರಿನಷ್ಟು. "ವೈಟ್ ರೈಸ್ ಇಲ್ವಾ?" ಉಂಟು ಸ್ವಾಮಿ, ಬೆಳ್ತಿಗೆ ಅಂತ ಕೇಳಿದ್ರೆ ಕೊಡ್ತಾರೆ, ಬರುವ ಮೊದಲು ಇಷ್ಟು ಹೇಳಿಕೊಟ್ಟಿದ್ದೆ ನಾನು, ವಾಟ್ಸಾಪಲ್ಲಿ ಬರೆದೂ ಕಳಿಸಿದ್ದೆ, ಓದಿದ್ದು ಯಾರು. ಅಷ್ಟು ಹೊತ್ತಿಗೆ ಪಕ್ಕದ ಟೇಬಲಿಗೆ ಬಂಗುಡೆ ಫ್ರೈ ಬಂತು, ಮಸಾಲೆ ಹಿಡಿದು ಕಪ್ಪಗಾದದ್ದು, ಕರಿಬೇವು ಮೇಲೆ ಚಟಚಟ ಅಂತ ಇದ್ದದ್ದು, ಆಮೇಲೆ ಯಾರೂ ನೀರಿನ ವಿಷಯ ಮಾತಾಡ್ಲಿಲ್ಲ. ಆದ್ರೆ ಬಿಲ್ಲು ಬಂದಾಗ ಮತ್ತೆ ಶುರು. ಊಟದ ರೇಟಿಗಿಂತ ಫ್ರೈ ರೇಟು ಜಾಸ್ತಿ ಅಂತ. ಇಲ್ಲಿ ಹಾಗೇ. ಅನ್ನ, ಸಾರು, ಪಲ್ಯ ಎಷ್ಟು ಸಲ ಕೇಳಿದ್ರೂ ಹಾಕ್ತಾರೆ, ಮೀನಿನ ಚಾರೂ ಹಾಕ್ತಾರೆ, ದುಡ್ಡು ಎಲ್ಲ ಫ್ರೈಯಲ್ಲೇ. ಅಂಜಲ್, ಪಾಂಪ್ಲೆಟ್ ಆರ್ಡರ್ ಮಾಡುವ ಮೊದಲು ಇವತ್ತು ಎಷ್ಟು ಅಂತ ಕೇಳುದರಲ್ಲಿ ಮರ್ಯಾದೆ ಹೋಗುದಿಲ್ಲ, ಊರವರೆಲ್ಲ ಕೇಳ್ತೇವೆ.

ಮಳೆಗಾಲದಲ್ಲಿ ಬಂದು "ಫ್ರೆಶ್ ಫಿಶ್ ಎಲ್ಲಿ" ಅಂತ ಕೇಳುವವರಿಗೆ ಬೇರೆಯೇ ಉತ್ತರ. ಕೇರಳದಲ್ಲಿ ಜೂನ್ 10ರಿಂದ ಜುಲೈ 31ರ ತನಕ 52 ದಿನ ಟ್ರಾಲಿಂಗ್ ನಿಷೇಧ, ಕರ್ನಾಟಕದಲ್ಲಿ ಜೂನ್ 1ರಿಂದಲೇ ಶುರು, 61 ದಿನ. ದೊಡ್ಡ ಬೋಟು ಎಲ್ಲ ದಡದಲ್ಲಿ. ಸಾಂಪ್ರದಾಯಿಕ ದೋಣಿಯವರು ಹೋಗ್ತಾರೆ, ಕಡಲು ಬಿಟ್ಟ ದಿನ ಮಾತ್ರ, ಆಗ ಮತ್ತಿಯ (ಬೂತಾಯಿ ಮೀನು) ರೇಟು ಕೇಳಿದ್ರೆ ಮತ್ತಿ ತಿನ್ನುವ ಆಸೆಯೇ ಹೋಗ್ತದೆ. ಆ ಎರಡು ತಿಂಗಳು ಹೋಟೆಲಲ್ಲಿ ಸಿಗುವ ದೊಡ್ಡ ಮೀನು ಐಸಲ್ಲಿ ಮಲಗಿ ಬಂದದ್ದು, ಯಾರು ಎಂತ ಹೇಳಿದ್ರೂ. ರಂಜಾನ್ ತಿಂಗಳಲ್ಲಿ ಬಂದ್ರೆ ಪೇಟೆಯ ಎಷ್ಟೋ ಹೋಟೆಲು ಹಗಲು ಶಟರ್ ಹಾಕಿರ್ತದೆ, ಆದ್ರೆ ಸಂಜೆ ಆದ ಮೇಲೆ ನೋಡ್ಬೇಕು, ಉನ್ನಕ್ಕಾಯ, ಪತ್ತಿರಿ, ಸಮೋಸಾ, ಎಲ್ಲ ರಾಶಿ ರಾಶಿ. ಶುಕ್ರವಾರ ಜುಮ್ಮಾ ಹೊತ್ತಿಗೆ ಹಲವರು ಒಂದು ಗಂಟೆ ಬಾಗಿಲು ಎಳೀತಾರೆ. ಹರತಾಳದ ದಿನ ಬಂದು ಒಳ್ಳೆ ಹೋಟೆಲ್ ಕೇಳಿದವರೂ ಉಂಟು, ಅವರಿಗೆ ನಮ್ಮ ಮನೆಯ ಗಂಜಿ, ಉಪ್ಪಿನಕಾಯಿ ಸಿಕ್ಕಿತು.

"ಅಲ್ಲಿ ಎಲ್ಲ ಮಲಯಾಳಿ ಊಟವೇ ಅಲ್ವಾ?" ಇದು ಇನ್ನೊಂದು. 1956ರ ನವೆಂಬರ್ 1ಕ್ಕೆ ನಮ್ಮನ್ನು ಕೇರಳಕ್ಕೆ ಸೇರಿಸಿದ್ರು, ಹೌದು. ಅದಕ್ಕೆ ಮೊದಲೂ ಇಲ್ಲಿ ಪುಟ್ಟು ಕಡಲ (ಹಬೆಯಲ್ಲಿ ಬೆಂದ ಅಕ್ಕಿಹಿಟ್ಟು, ಕಡಲೆ ಗಸಿ) ಇತ್ತು, ಆ ಮೇಲೂ ನೀರುದೋಸೆ, ಗೋಳಿಬಜೆ, ಬನ್ಸ್ ಉಂಟು. ಬೆಳಿಗ್ಗೆ ಒಂಬತ್ತರ ಒಳಗೆ ಯಾವುದಾದ್ರೂ ಚಾ ಅಂಗಡಿಯ ಗಾಜಿನ ಪೆಟ್ಟಿಗೆ ನೋಡಿ, ಒಂದೇ ತಟ್ಟೆಯಲ್ಲಿ ಮಲಯಾಳದವರ ಬಾಳೆಹಣ್ಣಿನ ಬಜ್ಜಿ ಪಳಂಪೊರಿಯೂ ನಮ್ಮ ಗೋಳಿಬಜೆಯೂ ಕೂತಿರ್ತದೆ, ಅದೃಷ್ಟ ಇದ್ರೆ ಕಲ್ತಪ್ಪವೂ, ಅಕ್ಕಿ ಬೆಲ್ಲದ್ದು, ಒಳಗೆ ಸಣ್ಣ ನೀರುಳ್ಳಿ ಮತ್ತೆ ತೆಂಗಿನ ಚೂರು ಕೆಂಪಗೆ ಹುರಿದು ಹಾಕಿದ್ದು, ಬೆಲ್ಲದ ತಿಂಡಿಗೆ ನೀರುಳ್ಳಿಯಾ ಅಂತ ಮೂಗು ಮುರೀಬೇಡಿ. ಮಂಜೇಶ್ವರ, ಉಪ್ಪಳದ ಕಡೆ ಮೀನುಸಾರು ಮಂಗಳೂರಿನ ಹಾಗೆ ಕೆಂಪು, ಹೊಳೆ ದಾಟಿ ಬೇಕಲ, ಕಾಞಂಗಾಡಿಗೆ ಹೋದ ಹಾಗೆ ಹಳದಿ ಕಡೆಗೆ ತಿರುಗ್ತದೆ. ನಾನು ಕೆಂಪಿನ ಪಕ್ಷ. ಮತ್ತೆ ಸತ್ಯ ಹೇಳ್ಬೇಕಾದ್ರೆ ಇವತ್ತು ರಾತ್ರಿ ಪೇಟೆಯಲ್ಲಿ ಕ್ಯೂ ಇರುದು ಇದ್ಯಾವುದಕ್ಕೂ ಅಲ್ಲ, ಕುಳಿಮಂದಿ (ಗುಂಡಿಯಲ್ಲಿ ಬೇಯಿಸಿದ ಮಾಂಸ, ಅನ್ನ) ಮತ್ತೆ ಅಲ್ಫಾಮಿಗೆ (ಕೆಂಡದಲ್ಲಿ ಸುಟ್ಟ ಕೋಳಿ). ಎಷ್ಟೋ ಮನೆಯಿಂದ ಒಬ್ಬರಾದ್ರೂ ಗಲ್ಫಿಗೆ ಹೋದ ಊರು ಇದು, ಯೆಮೆನ್ನಿನ ಅಡಿಗೆ ಇಲ್ಲಿ ಲೋಕಲ್ ಆಗದೆ ಮತ್ತೆಲ್ಲಿ ಆಗ್ತದೆ. ಟ್ರೆಡಿಶನಲ್ ಬೇಕು ಅಂತ ಹಠ ಹಿಡಿದವರಿಗೆ ಇದು ಅರ್ಥ ಆಗುದಿಲ್ಲ.

ಕಡಿಮೆ ದುಡ್ಡಿಗೆ ಮನೆ ರುಚಿ ಬೇಕಾದವರು ಕುಡುಂಬಶ್ರೀ (ಕೇರಳ ಸರಕಾರದ ಸ್ವಸಹಾಯ ಸಂಘ) ಹೆಂಗಸರ ಜನಕೀಯ ಹೋಟೆಲ್ ಬೋರ್ಡ್ ಹುಡುಕಿ. 2020ರಲ್ಲಿ 20 ರೂಪಾಯಿಗೆ ಊಟ ಅಂತ ಶುರು ಆದದ್ದು, 2023ರಲ್ಲಿ ಸರಕಾರ ಸಬ್ಸಿಡಿ ನಿಲ್ಲಿಸಿದ ಮೇಲೆ 30 ಆಯ್ತು, ಕೆಲವು ಮುಚ್ಚಿತು. ಪ್ಲೇಟು ಸ್ಟೀಲು, ಬೆಂಚು ಪ್ಲಾಸ್ಟಿಕ್ಕು, ಫೋಟೋಕ್ಕೆ ಏನೂ ಸಿಗುದಿಲ್ಲ, ಒಂದೂವರೆ ಆದ ಮೇಲೆ ಊಟವೂ ಸಿಗುದಿಲ್ಲ.

ಇನ್ನೊಂದು ಜಾತಿಯ ಜನ, "ಹಿಂದೆ ನೀವು ಹೇಳಿದ ಹೋಟೆಲ್ ಇಲ್ಲವೇ ಇಲ್ಲ" ಅಂತ ನನ್ನ ಮೇಲೆ ಹಾರುವವರು. 2022ರ ಮೇಯಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಲ್ಲಿ ಶವರ್ಮಾ ತಿಂದು ಒಬ್ಬಳು ಹುಡುಗಿ ತೀರಿಕೊಂಡ ಮೇಲೆ, ಅದರ ಹಿಂದೆ ಇನ್ನೂ ಕೆಲವು ಅನಾಹುತ ಆದ ಮೇಲೆ, ಕೇರಳದಲ್ಲಿ 2023ರ ಜನವರಿಯಲ್ಲಿ ಹಸಿ ಮೊಟ್ಟೆಯ ಮಯೊನೀಸ್ ನಿಲ್ಲಿಸಿದ್ರು, ಪಾರ್ಸೆಲ್ ಮೇಲೆ ಎಷ್ಟು ಹೊತ್ತಿಗೆ ಮಾಡಿದ್ದು, ಎಷ್ಟರ ಒಳಗೆ ತಿನ್ಬೇಕು ಅಂತ ಸ್ಟಿಕ್ಕರ್ ಕಡ್ಡಾಯ ಮಾಡಿದ್ರು. ನನ್ನ ಸಲಹೆಗೂ ಅಂಥದ್ದೊಂದು ಸ್ಟಿಕ್ಕರ್ ಅಂಟಿಸಿ ಇಡಿ ಅಂತ ನಾನು ಹೇಳುದು. ಹೈವೇ ಆರು ಲೇನು ಆದದ್ದು ಗೊತ್ತುಂಟಲ್ಲ, ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರು. ಬಸ್ಸು ನಿಂತ ಕೂಡ್ಲೇ ಕೈಗೆ ಸಿಗ್ತಿದ್ದ ಚಾ ಅಂಗಡಿ, ಮರದ ಬೆಂಚಿನ ಹೋಟೆಲು, ಎಷ್ಟೋ ರಸ್ತೆಗೇ ಹೋಯ್ತು. ಪರಿಹಾರದ ದೊಡ್ಡ ಪಾಲು ಸಿಕ್ಕಿದ್ದು ಜಾಗದ ಧಣಿಗೆ, ಬಾಡಿಗೆಗೆ ಒಲೆ ಹಚ್ಚಿದವನು ಬೇರೆ ಕಡೆ ಕೋಣೆ ಹುಡುಕಿದ, ಸಿಗದವ ಮನೆಗೆ ಹೋದ. ಉಳಿದವರ ಎದುರು ಈಗ ಗೋಡೆ. ನೀವು ಸರ್ವಿಸ್ ರೋಡಿಗೆ ಇಳೀದಿದ್ರೆ ಉಪ್ಪಳವೂ ಕುಂಬಳೆಯೂ ಕಾಣುದೇ ಇಲ್ಲ, ಕರಂದಕ್ಕಾಡಿನಲ್ಲಿ ಫ್ಲೈಓವರ್ ಹತ್ತಿದ್ರೆ ಕಾಸರಗೋಡು ಪೇಟೆ ಕೆಳಗೇ ಉಳೀತದೆ, "ಅಯ್ಯೋ ಮುಂದೆ ಬಂದಾಯ್ತು, ಈಗ ಏನ್ ಮಾಡುದು" ಅಂತ ಫೋನ್. ಮುಂದೆ ಸಿಗುವ ಚೆರ್ಕಳದಲ್ಲಿ ತಿನ್ನಿ, ನನ್ನನ್ನು ಬಿಡಿ.

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಒಂದುಂಟು. ನಿಮ್ಮ ಮನೆಯಲ್ಲಿ ಮಾಡುದು ನಿಮ್ಮ ಪೇಟೆಯ ಹೋಟೆಲಲ್ಲಿ ಯಾಕೆ ಸಿಗುದಿಲ್ಲ? ಪತ್ರೊಡೆ, ಮೇಲಾರ (ಮಜ್ಜಿಗೆಹುಳಿ), ಉಪ್ಪುಸೊಳೆಯ (ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ) ಪಲ್ಯ, ಹಲಸಿನ ಹಣ್ಣಿನ ಕೊಟ್ಟಿಗೆ (ಕಡುಬು), ಬಗೆಬಗೆಯ ತಂಬುಳಿ, ಬದಿಯಡ್ಕ ಪೆರ್ಲ ಮುಳ್ಳೇರಿಯ ಕಡೆಯ ಯಾವ ಮನೆಗೆ ಹೋದ್ರೂ ಇದರಲ್ಲಿ ಒಂದು ಇರ್ತದೆ, ಪೇಟೆಯಲ್ಲಿ ದುರ್ಬೀನು ಹಾಕಿ ಹುಡುಕ್ಬೇಕು. ಯಾಕೆ ಅಂದ್ರೆ ಪತ್ರೊಡೆಯನ್ನೇ ತೆಗೊಳ್ಳಿ. ಆಟಿ ತಿಂಗಳ ಮಳೆಗೆ ಎಳೆ ಕೆಸುವಿನ ಎಲೆ ಬರ್ಬೇಕು, ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕಿದ್ರೆ ಇನ್ನೂ ಒಳ್ಳೇದು, ನಾರು ತೆಗೀಬೇಕು, ಅಕ್ಕಿ ನೆನೆ ಹಾಕಿ ಮೆಣಸು ಕೊತ್ತಂಬರಿ ಹುಳಿ ಬೆಲ್ಲ ಸೇರಿಸಿ ಕಡೀಬೇಕು, ಹುಳಿ ಕಡಿಮೆ ಆದ್ರೆ ಗಂಟಲು ತುರಿಸ್ತದೆ, ಎಲೆಯಲ್ಲಿ ಆಕ್ಸಲೇಟಿನ ಸೂಜಿಗಳು ಇರುದು ಕಾರಣ, ಒಂದರ ಮೇಲೆ ಒಂದು ಎಲೆ ಇಟ್ಟು ಹಿಟ್ಟು ಸವರಿ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸ್ಬೇಕು, ಅಲ್ಲಿಗೆ ಮುಗೀಲಿಲ್ಲ, ತಣಿದ ಮೇಲೆ ಕೊಚ್ಚಿ ತೆಂಗಿನಕಾಯಿ ಬೆಲ್ಲ ಹಾಕಿ ಒಗ್ಗರಣೆ ಕೊಡ್ಬೇಕು ಇಲ್ಲ ಬಿಲ್ಲೆ ಮಾಡಿ ಕಾವಲಿಯಲ್ಲಿ ಕಾಯಿಸ್ಬೇಕು. ಹಿಂದಿನ ದಿನದಿಂದ ಕೆಲಸ. ಇಷ್ಟು ಮಾಡಿ ಒಂದು ಪ್ಲೇಟಿಗೆ ನೂರು ರೂಪಾಯಿ ಹೇಳಿದ್ರೆ "ಸೊಪ್ಪಿಗೆ ನೂರಾ?" ಅಂತ ಕೇಳುವವರು ಯಾರು? ಕುಳಿಮಂದಿಗೆ ಸಾವಿರ ಬಿಚ್ಚುವ ನಾವೇ. ಟೆಂಪೋದಲ್ಲಿ ಬಂದವರ ಮೇಲೆ ಮಾತ್ರ ಸಿಟ್ಟು ಮಾಡ್ಲಿಕ್ಕೆ ಆಗುದಿಲ್ಲ ಅದಕ್ಕೆ.

ಅದರ ಮೇಲೆ ಮನೆಯಲ್ಲಿ ಅಮ್ಮಂದಿರು, ಅತ್ತಿಗೆಯಂದಿರು ಪುಕ್ಸಟ್ಟೆ ಮಾಡಿ ಹಾಕ್ತಾರೆ ಅಂತ ಇದ್ದಾಗ ಹೋಟೆಲಿನವನು ಯಾಕೆ ಮಾಡ್ತಾನೆ. ಈಗ ಕೆಲವು ಮನೆಗಳಲ್ಲಿ ಹೆಂಗಸರು ಆರ್ಡರಿಗೆ ಮಾಡಿಕೊಡ್ತಾರೆ, ಹಲಸಿನ ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಉಂಡ್ಲಕಾಳು (ಹಲಸಿನ ಕರಿದ ತಿಂಡಿ) ವರ್ಷ ಇಡೀ ಸಿಗ್ತದೆ, ಪತ್ರೊಡೆ ಮಳೆಗಾಲದಲ್ಲಿ ಮಾತ್ರ, ಎರಡು ದಿನ ಮೊದಲು ಹೇಳ್ಬೇಕು, ಚೌಕಾಶಿ ಇಲ್ಲ. ನಂಬರು ಇಲ್ಲಿ ಹಾಕುದಿಲ್ಲ, ಹಾಕಿದ್ರೆ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ ಡೆಲಿವರಿ ಉಂಟಾ ಅಂತ ಕೇಳ್ತೀರಿ, ನನಗೆ ಗೊತ್ತು. ನೀರ್ಚಾಲು, ಬದಿಯಡ್ಕದ ದಿನಸಿ ಅಂಗಡಿಯಲ್ಲಿ ಕನ್ನಡದಲ್ಲೇ ಕೇಳಿ, ಹಪ್ಪಳದ ಕಟ್ಟು ತಂದಿಟ್ಟವರು ಯಾರು ಅಂತ ಅವರಿಗೆ ಗೊತ್ತಿರ್ತದೆ.

ಬಿರಿಯಾನಿ ಯಾವ ಹೋಟೆಲಿದ್ದು ಒಳ್ಳೇದು ಅಂತ ಮಾತ್ರ ಕೇಳ್ಬೇಡಿ. ಆ ವಿಷಯದಲ್ಲಿ ನನಗೂ ನನ್ನ ಭಾವನಿಗೂ ಕಳೆದ ಓಣದಿಂದ ಮಾತಿಲ್ಲ.